ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸೊಕೊರೊ ಕೌಂಟಿ ಹೇಗಿದೆ? ಅಲ್ಲಿನ ಜನ ಏನು ಮಾಡಿ ಬದುಕುತ್ತಾರೆ?

ನೀವು ಕೇಳಿರುವುದು ಇಷ್ಟು: ಮಗಳಿಗೆ ಸೊಕೊರೊ ಪಟ್ಟಣದ ಕಾಲೇಜಾದ ನ್ಯೂ ಮೆಕ್ಸಿಕೋ ಟೆಕ್‌ನಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ, ಮ್ಯಾಪಿನಲ್ಲಿ ನೋಡಿದರೆ ಸೊಕೊರೊ ಸುತ್ತ ಬರೀ ಕಂದು ಬಣ್ಣ, ಅಲ್ಲಿ ಜನ ಅಂತ ಇದ್ದಾರಾ, ಇದ್ದರೆ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಹುಡುಗಿಯನ್ನು ಕಳಿಸಬಹುದಾ.

ನಾನು ಚಳ್ಳಕೆರೆ ಕಡೆಯವಳು. ಯಜಮಾನರ ಕೆಲಸದಿಂದಾಗಿ ಇಲ್ಲಿಗೆ ಬಂದು ನೆಲೆಸಿ ವರ್ಷಗಳಾದವು. ಬಯಲುಸೀಮೆಯಲ್ಲಿ ಹುಟ್ಟಿದವಳಿಗೆ ಕಂದು ಬಣ್ಣವೇನೂ ಹೊಸದಲ್ಲ. ಇಲ್ಲಿ ದಿಗಿಲು ಹುಟ್ಟಿಸುವುದು ಅಳತೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ, ಇದರ ವಿಸ್ತೀರ್ಣ ಸುಮಾರು 17,200 ಚದರ ಕಿ.ಮೀ. ನಮ್ಮ ರಾಜ್ಯದಲ್ಲೇ ದೊಡ್ಡದಾದ ಬೆಳಗಾವಿ ಜಿಲ್ಲೆ 13,400ರ ಆಸುಪಾಸು. ಬೆಳಗಾವಿಯಲ್ಲಿ 2011ರಲ್ಲೇ 47 ಲಕ್ಷ ಜನರಿದ್ದರು. ಇಲ್ಲಿ 2020ರ ಗಣತಿಯಲ್ಲಿ ಸಿಕ್ಕವರು 16,595. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಸೊಕೊರೊ ಪಟ್ಟಣದೊಳಗೇ ಇದ್ದಾರೆ. ಜನ ಕಾಣಸಿಗುವುದು ಒಂದೋ ನದಿನೀರು ತಲುಪುವ ಕಡೆ, ಇಲ್ಲವೇ ಸರ್ಕಾರದ ದುಡ್ಡು ತಲುಪುವ ಕಡೆ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಇಡೀ ಕೌಂಟಿ ಅರ್ಥವಾಗುತ್ತದೆ.

ನದಿ ಅಂದರೆ ರಿಯೊ ಗ್ರಾಂಡೆ. ಉತ್ತರದಿಂದ ದಕ್ಷಿಣಕ್ಕೆ ಕೌಂಟಿಯ ನಡುವೆ ಹರಿಯುತ್ತದೆ, ನೀರಿದ್ದಾಗ. ಸ್ಯಾನ್ ಅಕೇಸಿಯಾ ಅನ್ನುವಲ್ಲಿ ಒಂದು ಒಡ್ಡು ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದ್ದಾರೆ. ಅದರ ಕೆಳಗಿನ ನದಿಪಾತ್ರ ಬಹುತೇಕ ಪ್ರತಿ ಬೇಸಿಗೆಯಲ್ಲೂ ಬತ್ತಿ ಬರೀ ಮರಳಾಗುತ್ತದೆ. ಆ ಕಾಲುವೆಗಳನ್ನು ನಡೆಸುವುದು 1925ರಲ್ಲಿ ಹುಟ್ಟಿದ ಒಂದು ನೀರಾವರಿ ಸಂಸ್ಥೆ, ಹೆಸರು ಮಿಡ್ಲ್ ರಿಯೊ ಗ್ರಾಂಡೆ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್. ನಮ್ಮ ಕೆರೆ ಬಯಲಿನ ನೀರುಗಂಟಿಯ ಕೆಲಸ ಮಾಡುವವರು ಇಲ್ಲೂ ಇದ್ದಾರೆ. ಪಿಕಪ್ ಟ್ರಕ್ಕಿನಲ್ಲಿ ಓಡಾಡುತ್ತಾ ಯಾರ ಸರದಿ ಯಾವಾಗ ಅಂತ ಹೇಳಿ ಗೇಟು ಎತ್ತುತ್ತಾರೆ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜ ಇದ್ದಾರೆ, ನನ್ನನ್ನು 'ಮೀಹಾ' ಅನ್ನುತ್ತಾರೆ. ಇಲ್ಲಿನ ಸ್ಪ್ಯಾನಿಷ್ ಮನೆಗಳ ಹಿರಿಯರು ಕಿರಿಯ ಹೆಂಗಸರನ್ನೆಲ್ಲ ಕರೆಯುವುದೇ ಹಾಗೆ, ಮಗಳೇ ಅಂತ. ಅವರ ಸರದಿ ಬಂದಾಗ ನೋಡಬೇಕು. ಸಿಮೆಂಟು ಕಾಲುವೆಯ ಕಬ್ಬಿಣದ ಹಲಗೆ ಎತ್ತಿದ ಕೂಡಲೇ ಕೆಂಪು ಮಣ್ಣುನೀರು ಎರಡು ಬದುಗಳ ನಡುವೆ ಮಟ್ಟಸವಾಗಿ ಹರಡಿಕೊಂಡು ಹೋಗುತ್ತದೆ. ಅಜ್ಜ ರಬ್ಬರ್ ಬೂಟು ಹಾಕಿ ಸಲಿಕೆ ಹಿಡಿದು ಬದುವಿನ ಮೇಲೆ ನಿಂತಿರುತ್ತಾರೆ. ಗೋಫರ್ ಅನ್ನುವ ಹೆಗ್ಗಣದಂಥ ಪ್ರಾಣಿ ಬದು ಕೊರೆದಿದ್ದರೆ ನೀರೆಲ್ಲ ಪಕ್ಕದವರ ಹೊಲಕ್ಕೆ ಇಳಿದುಬಿಡುತ್ತದೆ. ಬಿಲ ಕಂಡಲ್ಲಿ ಮಣ್ಣು ತುಂಬಿ ತುಳಿಯುವುದೇ ಆ ಹೊತ್ತಿನ ಕೆಲಸ.

ಬೆಳೆಯುವುದು ಹೆಚ್ಚಾಗಿ ಆಲ್ಫಾಲ್ಫಾ, ಅಂದರೆ ನಮ್ಮ ಕುದುರೆಮೆಂತೆ, ಲೂಸರ್ನ್ ಅನ್ನುತ್ತೇವಲ್ಲ ಅದೇ. ಒಮ್ಮೆ ಬಿತ್ತಿದರೆ ಕೆಲವು ವರ್ಷ ನಿಲ್ಲುತ್ತದೆ. ಬೇಸಿಗೆಯುದ್ದಕ್ಕೂ ಕೊಯ್ದು, ಒಣಗಿಸಿ, ಪೆಂಡಿ ಕಟ್ಟಿ ಹೈನುಗಾರರಿಗೂ ಕುದುರೆ ಸಾಕುವವರಿಗೂ ಮಾರುತ್ತಾರೆ. ಮರುಭೂಮಿಯಲ್ಲಿ ಇಷ್ಟು ನೀರು ಕುಡಿಯುವ ಹುಲ್ಲು ಯಾಕೆ ಅಂತ ರಾಜ್ಯದ ದೊಡ್ಡ ನಗರ ಆಲ್ಬುಕರ್ಕಿಯ ಪೇಟೆ ಜನ ಮೂಗು ಮುರಿಯುತ್ತಾರೆ. ನನಗೆ ಆ ಮಾತು ಅಷ್ಟು ಸರಿ ಕಾಣುವುದಿಲ್ಲ. ನದಿ ಬತ್ತಿ ಎರಡು ಸರದಿ ತಪ್ಪಿದರೂ ಬೇರು ಹಿಡಿದು ಕಾಯುವ ಬೆಳೆ ಅದು. ಯಂತ್ರವಿದ್ದರೆ ಒಬ್ಬರೇ ನಿಭಾಯಿಸಬಹುದು. ಇಲ್ಲಿ ಉಳುವವರಲ್ಲಿ ಬಹಳಷ್ಟು ಮಂದಿ ವಯಸ್ಸಾದವರು, ಇಲ್ಲವೇ ಬೇರೆ ನೌಕರಿ ಇಟ್ಟುಕೊಂಡವರು. ಮೆಣಸಿನಕಾಯಿಗೆ ಒಳ್ಳೆ ದುಡ್ಡಿದೆ ನಿಜ, ಆದರೆ ಬಿಡಿಸಲು ಆಳು ಬೇಕು. ಆಳು ಎಲ್ಲಿ?

ಆ ಮೆಣಸಿನಕಾಯಿಯ ಕತೆ ಮಗಳಿಗೆ ಬೇಗನೇ ಗೊತ್ತಾಗುತ್ತದೆ. ಆಗಸ್ಟ್ ಕೊನೆಗೆ ಅಂಗಡಿಗಳ ಮುಂದೆ ತಂತಿಬಲೆಯ ದೊಡ್ಡ ಪೀಪಾಯಿ ಇಟ್ಟು, ಕೆಳಗೆ ಗ್ಯಾಸ್ ಉರಿ ಹಚ್ಚಿ, ಮೂಟೆಗಟ್ಟಲೆ ಹಸಿರು ಕಾಯಿ ಸುರಿದು ತಿರುಗಿಸುತ್ತಾರೆ. ಸಿಪ್ಪೆ ಸುಟ್ಟ ಘಾಟು ಊರನ್ನೆಲ್ಲ ಆವರಿಸುತ್ತದೆ. ಕಾಯಿ ನಮ್ಮ ಬಜ್ಜಿ ಮೆಣಸಿನಕಾಯಿಯ ಗಾತ್ರದ್ದು, ಖಾರ ಮಾತ್ರ ಜಾಸ್ತಿ. ಜನ ವರ್ಷಕ್ಕಾಗುವಷ್ಟು ಸುಡಿಸಿ ಫ್ರೀಜರಿನಲ್ಲಿ ತುಂಬಿಡುತ್ತಾರೆ. ಸಸ್ಯಾಹಾರಿಗಳಿಗೆ ಬೀನ್ಸ್ ಕಾಳು, ಟೋರ್ಟಿಯಾ ಅನ್ನುವ ರೊಟ್ಟಿ, ಈ ಕಾಯಿ ಇಷ್ಟರಲ್ಲೇ ದಿನ ದೂಡಬಹುದು, ಕಾಳಿಗೆ ಹಂದಿಕೊಬ್ಬು ಹಾಕಿಲ್ಲವಷ್ಟೇ ಅಂತ ಕೇಳಿಕೊಂಡರೆ ಸರಿ.

ನದಿಗೆ ಹಕ್ಕುದಾರರು ಬಹಳ. ಕೊಲೊರಾಡೊ, ನ್ಯೂ ಮೆಕ್ಸಿಕೋ, ಟೆಕ್ಸಾಸ್ ಮೂರೂ ರಾಜ್ಯಗಳು 1938ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಅದರ ಪ್ರಕಾರ ಕೆಳಗಿನ ಎಲಿಫೆಂಟ್ ಬ್ಯುಟ್ ಜಲಾಶಯಕ್ಕೆ ಲೆಕ್ಕದ ನೀರು ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಬಾಕಿ ಏರುತ್ತದೆ. ಕಾವೇರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಕಿ ತೀರಿಸಲು ಹೊಲ ಬೀಳು ಬಿಟ್ಟವರಿಗೆ ದುಡ್ಡು ಕೊಡುವ ಯೋಜನೆಯೂ ಬಂದಿದೆ. ಇದರ ನಡುವೆ ಒಂದು ಬೆರಳುದ್ದದ ಮೀನಿಗೂ ಪಾಲಿದೆ. ಸಿಲ್ವರಿ ಮಿನ್ನೊ ಅಂತ, 1994ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವ ಜೀವಿ. ನದಿ ಒಣಗತೊಡಗಿದಾಗ ಜೀವಶಾಸ್ತ್ರಜ್ಞರು ಬಲೆ, ಬಕೆಟು ಹಿಡಿದು ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನು ಹಿಡಿದು, ಟ್ಯಾಂಕಿನಲ್ಲಿ ಸಾಗಿಸಿ ನೀರಿರುವಲ್ಲಿ ಬಿಡುತ್ತಾರೆ. ರೈತರಿಗೆ ಈ ಮೀನು ಕಂಡರೆ ಆಗುವುದಿಲ್ಲ. ಮೀನು ಇಲ್ಲದಿದ್ದರೂ ನೀರು ಸಾಲುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ಇನ್ನೂ ಕೆಳಗೆ ಬೊಸ್ಕೆ ಡೆಲ್ ಅಪಾಚೆ ಪಕ್ಷಿಧಾಮ, 1939ರದ್ದು, 57 ಸಾವಿರ ಎಕರೆ. ಅಲ್ಲಿ ಸರ್ಕಾರವೇ ಮೆಕ್ಕೆಜೋಳ ಬೆಳೆಸಿ, ಕೊಯ್ಯದೆ ನೆಲಕ್ಕೆ ಕೆಡವಿಸುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಸ್ಯಾಂಡ್‌ಹಿಲ್ ಕೊಕ್ಕರೆಗಳಿಗೂ ಹಿಮಬಾತುಗಳಿಗೂ ಅದೇ ಮೇವು. ಕ್ಯಾಮೆರಾ ಹೊತ್ತವರು ಹಿಂದೆಯೇ ಬರುತ್ತಾರೆ, ಊರಿನ ಲಾಡ್ಜುಗಳು ತುಂಬುತ್ತವೆ. ಅಂದಹಾಗೆ ಪಕ್ಕದ ಸ್ಯಾನ್ ಆಂಟೊನಿಯೊ ಹಳ್ಳಿಯಲ್ಲೇ 1887ರಲ್ಲಿ ಹಿಲ್ಟನ್ ಹೋಟೆಲುಗಳ ಕಾನ್ರಡ್ ಹಿಲ್ಟನ್ ಹುಟ್ಟಿದ್ದು.

ನದಿ ಬಿಟ್ಟು ಪಡುವಲಿಗೋ ಮೂಡಲಿಗೋ ಹೊರಟರೆ ದನ ಮೇಯುವ ಸೀಮೆ. ಮಳೆ ವರ್ಷಕ್ಕೆ 250 ಮಿ.ಮೀ. ಸುಮಾರು, ಅದೂ ಹೆಚ್ಚಾಗಿ ಜುಲೈಯಿಂದ ಸೆಪ್ಟೆಂಬರ್ ಒಳಗೆ. ಅದನ್ನು ಇವರೂ ಮಾನ್ಸೂನ್ ಅಂತಲೇ ಕರೆಯುತ್ತಾರೆ. ಮೆಸ್ಕೀಟ್ ಪೊದೆ, ಅಂದರೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಎಲ್ಲೆಲ್ಲೂ. ಒಂದು ಹಸು ಬದುಕಲು ಹತ್ತಾರು ಎಕರೆ ಬೇಕು. ಅಷ್ಟು ನೆಲವನ್ನು ದನ ಸಾಕುವವರಲ್ಲಿ ಹೆಚ್ಚಿನವರು ಕೊಂಡು ಇಟ್ಟುಕೊಳ್ಳಲಾರರು. ರ್‍ಯಾಂಚಿನವರ ಸ್ವಂತದ್ದು ಮನೆ, ಕೊಟ್ಟಿಗೆ, ನೀರಿನ ಬಾವಿ ಇರುವ ಒಂದಿಷ್ಟು ಜಾಗ. ಸುತ್ತಲಿನ ಹುಲ್ಲುಗಾವಲು ಕೇಂದ್ರ ಸರ್ಕಾರದ್ದೋ ರಾಜ್ಯದ್ದೋ, ಮೇಯಿಸಲು ಪರವಾನಗಿ ಪಡೆದಿರುತ್ತಾರೆ. ಕೇಂದ್ರದ ಶುಲ್ಕ ಒಂದು ಹಸು ಮತ್ತದರ ಕರುವಿಗೆ ತಿಂಗಳಿಗೆ ಕನಿಷ್ಠ 1.35 ಡಾಲರ್, ಎಷ್ಟೋ ವರ್ಷ ಅದೇ ಕನಿಷ್ಠದಲ್ಲೇ ನಿಂತಿತ್ತು. ಅಗ್ಗ ಅಂತ ಪರಿಸರದವರು ಜಗಳ ತೆಗೆಯುತ್ತಾರೆ. ಬೇಲಿ, ಪೈಪು, ಪಂಪು ನೋಡಿಕೊಳ್ಳುವವರು ನಾವಲ್ಲವೇ ಅಂತ ರ್‍ಯಾಂಚಿನವರ ಉತ್ತರ. ಆ ಮಾನ್ಸೂನ್ ಮಳೆ ಸರಿಯಾಗಿ ಬಾರದ ವರ್ಷ ಕರು ಮಾತ್ರವಲ್ಲ, ತಾಯಿ ಹಸುಗಳನ್ನೂ ಹರಾಜಿಗೆ ಹೊಡೆಯುತ್ತಾರೆ. ಆ ಮಂದೆ ಮತ್ತೆ ಕಟ್ಟಲು ವರ್ಷಗಳು ಬೇಕು.

ಪಡುವಣದ ಮ್ಯಾಗ್ಡಲೀನಾ ಒಂದು ಕಾಲಕ್ಕೆ ಇದೇ ದನದ ದೊಡ್ಡ ಕೇಂದ್ರ. 1885ರಲ್ಲಿ ಸೊಕೊರೊದಿಂದ ರೈಲು ಬಂತು. ಅರಿಜೋನಾ ಗಡಿಯಾಚೆಯಿಂದ ವಾರಗಟ್ಟಲೆ ಮಂದೆ ಹೊಡೆದುಕೊಂಡು ಬಂದು ಇಲ್ಲಿ ರೈಲಿಗೆ ಹತ್ತಿಸುತ್ತಿದ್ದರು. 1919ರಲ್ಲಿ ಆ ದಾರಿಯಲ್ಲಿ ಒಂದೂವರೆ ಲಕ್ಷ ಕುರಿ ನಡೆದವಂತೆ. ಲಾರಿ ಬಂದ ಮೇಲೂ 1971ರವರೆಗೆ ಆ ದಾರಿ ಬಳಕೆಯಲ್ಲಿತ್ತು. ಪಕ್ಕದ ಬೆಟ್ಟದ ಕೆಲ್ಲಿ ಗಣಿಯಲ್ಲಿ ಬೆಳ್ಳಿ, ಸೀಸ, ಸತು ತೆಗೆದರು, ಈಗ ಪಾಳುಬಿದ್ದ ಊರು. ರೈಲೂ ಇಲ್ಲ.

ನೆಲ ಯಾರದ್ದು ಅನ್ನುವುದು ಇಲ್ಲಿ ಆರದ ಗಾಯ. ಉತ್ತರದಲ್ಲಿ ಸೆವಿಯೆಟಾ ಅಂತ 2 ಲಕ್ಷ 30 ಸಾವಿರ ಎಕರೆ ವನ್ಯಧಾಮವಿದೆ. ಅದು 1819ರಲ್ಲಿ ಸ್ಪೇನ್ ಆಡಳಿತ ಊರವರಿಗೆ ಸಮುದಾಯದ ನೆಲವಾಗಿ ಬಿಟ್ಟುಕೊಟ್ಟದ್ದು. ಅಮೆರಿಕದ ಆಳ್ವಿಕೆ ಬಂದ ಮೇಲೆ ಅದಕ್ಕೆ ತೆರಿಗೆ ಬಿತ್ತು. ಕಟ್ಟಲಾಗದೆ 1928ರಲ್ಲಿ ಕೌಂಟಿಯ ಪಾಲಾಯಿತು, 1936ರಲ್ಲಿ ಒಬ್ಬ ಸಿರಿವಂತ ಕೊಂಡ, 1973ರಲ್ಲಿ ವನ್ಯಧಾಮವಾಯಿತು. ಊರವರಿಗೆ ಮೊದಲಿನ ಹುಲ್ಲೂ ಇಲ್ಲ, ಸೌದೆಯೂ ಇಲ್ಲ. ಇಲ್ಲಿನ ಅರ್ಧದಷ್ಟು ಜನ ಈ ಸ್ಪ್ಯಾನಿಷ್ ಮೂಲದವರು. ಅವರನ್ನು 'ಮೆಕ್ಸಿಕೋದಿಂದ ಯಾವಾಗ ಬಂದಿರಿ' ಅಂತ ಕೇಳಬಾರದು ಅಂತ ಮಗಳಿಗೆ ಹೇಳಿ. ಅಮೆರಿಕ ಈ ನೆಲವನ್ನು ಪಡೆದದ್ದೇ 1848ರಲ್ಲಿ, ಇವರ ಮುತ್ತಜ್ಜಂದಿರು ಆಗಲೇ ಇಲ್ಲಿ ಉಳುತ್ತಿದ್ದರು. ಅವರಿಗೂ ಹಿಂದೆ ಪೀರೊ ಪ್ವೆಬ್ಲೊ ಅನ್ನುವ ಮೂಲನಿವಾಸಿಗಳ ಊರುಗಳಿದ್ದವು, ಸ್ಪ್ಯಾನಿಷರ ವಿರುದ್ಧ 1680ರಲ್ಲಿ ಎದ್ದ ದಂಗೆಯ ಹೊತ್ತಿಗೆ ಅವೆಲ್ಲ ಬರಿದಾದವು. ಮ್ಯಾಗ್ಡಲೀನಾದ ವಾಯವ್ಯಕ್ಕೆ ಅಲಮೊ ನವಾಹೊ ಅನ್ನುವ ಮೂಲನಿವಾಸಿಗಳಿದ್ದಾರೆ. ಮುಖ್ಯ ನವಾಹೊ ನಾಡಿನಿಂದ ಬೇರ್ಪಟ್ಟ ತುಂಡು ಅದು. ಶಾಲೆ, ಕ್ಲಿನಿಕ್ಕು, ಸ್ವಂತ ರೇಡಿಯೊ ಕೇಂದ್ರ ನಡೆಸುತ್ತಾರೆ.

ಮೂಡಲಿಗೆ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ವಲಯ. 1942ರಲ್ಲಿ ಯುದ್ಧಕ್ಕೆಂದು ರ್‍ಯಾಂಚುಗಳನ್ನು ಗುತ್ತಿಗೆಗೆ ಪಡೆದರು. ಯುದ್ಧ ಮುಗಿದ ಮೇಲೆ ಮರಳಿ ಸಿಗುತ್ತದೆಂದು ನಂಬಿ ಗಂಟುಮೂಟೆ ಕಟ್ಟಿದವರಿಗೆ ನೆಲ ಮರಳಲೇ ಇಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರ ಎದುರು ರಕ್ಷಣಾ, ವಿಜ್ಞಾನ ಸಂಸ್ಥೆಗಳ ಗೋಡೆ ಎದ್ದದ್ದನ್ನು ಕಂಡವಳಿಗೆ ಇದು ಕೇಳಿದ ಕತೆಯೇ. ಈಗಲೂ ಕ್ಷಿಪಣಿ ಹಾರಿಸುವ ದಿನ 380ನೇ ಹೆದ್ದಾರಿಯನ್ನು ಮುಚ್ಚಿ ಗಾಡಿಗಳನ್ನು ನಿಲ್ಲಿಸುತ್ತಾರೆ.

ಜಗತ್ತಿನ ಮೊದಲ ಅಣುಬಾಂಬು ಸಿಡಿದದ್ದೂ ಈ ಕೌಂಟಿಯಲ್ಲೇ, 1945ರ ಜುಲೈ 16ರ ಬೆಳಗಿನ ಐದೂವರೆಗೆ. ಸುತ್ತಲಿನವರಿಗೆ ಮುನ್ಸೂಚನೆಯಿಲ್ಲ, ಮದ್ದಿನ ಉಗ್ರಾಣ ಸಿಡಿಯಿತು ಅಂತ ಸೇನೆ ಹೇಳಿಕೆ ಕೊಟ್ಟಿತು. ತೊಟ್ಟಿಯ ಮಳೆನೀರು ಕುಡಿಯುತ್ತಿದ್ದ, ಹಿತ್ತಲ ತರಕಾರಿ ತಿನ್ನುತ್ತಿದ್ದ ಮನೆಗಳಲ್ಲಿ ಕ್ಯಾನ್ಸರ್ ಸಾವುಗಳನ್ನು ತಲೆಮಾರಿನ ಲೆಕ್ಕದಲ್ಲಿ ಹೇಳುತ್ತಾರೆ. 1990ರ ಪರಿಹಾರ ಕಾಯ್ದೆ ನೆವಾಡಾ ಪರೀಕ್ಷೆಗಳ ಸುತ್ತಲಿನವರಿಗೆ ದುಡ್ಡು ಕೊಟ್ಟಿತು, ಮೊದಲ ಬಾಂಬಿನ ನೆರೆಯವರನ್ನು ಬಿಟ್ಟಿತು. 2025ರ ಜುಲೈನಲ್ಲಿ ಕೊನೆಗೂ ಸೇರಿಸಿದರು, ನಿಗದಿತ ಕ್ಯಾನ್ಸರುಗಳಿಗೆ 1 ಲಕ್ಷ ಡಾಲರ್. ಆ ಕಾಲದಲ್ಲಿ ಇಲ್ಲೇ ವಾಸವಿದ್ದೆವು ಅಂತ ರುಜುವಾತು ಮಾಡಲು ಹಳೇ ಕಾಗದ ಹುಡುಕುವ ಕೆಲಸ ಈಗ ಮನೆಮನೆಯಲ್ಲಿ.

ಇನ್ನು ಸಂಬಳದ ಮಾತು. ನಿಮ್ಮ ಮಗಳ ಕಾಲೇಜು 1889ರಲ್ಲಿ ಗಣಿಗಾರಿಕೆ ಶಾಲೆಯಾಗಿ ಶುರುವಾದದ್ದು. ವಿದ್ಯಾರ್ಥಿಗಳು ಎರಡು ಸಾವಿರಕ್ಕೂ ಕಡಿಮೆ, ಆದರೂ ಪಟ್ಟಣದ ಅರ್ಧ ವ್ಯಾಪಾರ ಅದರ ಸುತ್ತಲೇ. ಅದಕ್ಕೆ ಸೇರಿದ ಸ್ಫೋಟಕ ಸಂಶೋಧನಾ ಕೇಂದ್ರ ಊರ ಹಿಂದಿನ ಬೆಟ್ಟದಲ್ಲಿದೆ. ಮಧ್ಯಾಹ್ನ ಧಡ್ ಅಂತ ಸದ್ದಾಗಿ ಕಿಟಕಿ ಗಾಜು ನಡುಗಿದರೆ ಹೆದರಬೇಡ ಅಂತ ಹೇಳಿಡಿ. ಮ್ಯಾಗ್ಡಲೀನಾ ಬೆಟ್ಟದ ನೆತ್ತಿಯಲ್ಲಿ ಸಿಡಿಲು ಸಂಶೋಧನಾಲಯವಿದೆ, ತಂತಿ ಕಟ್ಟಿದ ರಾಕೆಟ್ಟನ್ನು ಮೋಡಕ್ಕೆ ಹಾರಿಸಿ ಸಿಡಿಲು ಇಳಿಸುತ್ತಾರೆ.

60ನೇ ಹೆದ್ದಾರಿಯಲ್ಲಿ 80 ಕಿ.ಮೀ. ಪಡುವಲಿಗೆ ಹೋದರೆ ವೆರಿ ಲಾರ್ಜ್ ಅರೇ, 1980ರಲ್ಲಿ ಉದ್ಘಾಟನೆಯಾದ ರೇಡಿಯೊ ದೂರದರ್ಶಕ. 25 ಮೀಟರ್ ಅಗಲದ 27 ಬೋಗುಣಿಗಳು, ಒಂದೊಂದೂ 230 ಟನ್ ತೂಕ. ಹಳಿಗಳ ಮೇಲೆ ಇವನ್ನು ಸರಿಸಿ ಕೆಲವು ತಿಂಗಳು ಒತ್ತಾಗಿ, ಕೆಲವು ತಿಂಗಳು 36 ಕಿ.ಮೀ. ಉದ್ದಕ್ಕೆ ಚೆದುರಿಸಿ ಇಡುತ್ತಾರೆ. ಸುತ್ತ ಬೆಟ್ಟಗಳು ಪಟ್ಟಣಗಳ ರೇಡಿಯೊ ಗಲಾಟೆಯನ್ನು ತಡೆಯುತ್ತವೆ, ಗಾಳಿಯಲ್ಲಿ ತೇವ ಕಡಿಮೆ, ಅದಕ್ಕೇ ಆ ಬಯಲು. ಹಳಿಯ ಪಕ್ಕದಲ್ಲೇ ದನ ಮೇಯುತ್ತಿರುತ್ತವೆ. ಅದರ ಕಚೇರಿ ಮಗಳ ಕ್ಯಾಂಪಸ್ಸಿನಲ್ಲೇ ಇದೆ.

ಇಷ್ಟೆಲ್ಲ ಇದ್ದೂ ಕೌಂಟಿ ಬಡದು. ಕೇಂದ್ರದ ನೆಲಕ್ಕೆ ಆಸ್ತಿ ತೆರಿಗೆ ಇಲ್ಲ, ಬದಲಿಗೆ 1976ರ ಕಾಯ್ದೆ ಪ್ರಕಾರ ಒಂದಿಷ್ಟು ಪರಿಹಾರ ಬರುತ್ತದೆ. ಓದಿದ ಹುಡುಗರು ಆಲ್ಬುಕರ್ಕಿಗೋ ಇನ್ನೂ ದೂರಕ್ಕೋ ಹೋಗುತ್ತಾರೆ. ವಿಶೇಷ ವೈದ್ಯರು ಬೇಕಾದರೆ 120 ಕಿ.ಮೀ. ಆಚೆ ಆಲ್ಬುಕರ್ಕಿಗೇ ಓಡಬೇಕು, ಇಂಡಿಯನ್ ದಿನಸಿಗೂ ಅಷ್ಟೇ. ಸ್ಥಳೀಯ ರೈಲು ಬೆಲೆನ್‌ನಲ್ಲೇ ನಿಲ್ಲುತ್ತದೆ, ಹಾಗಾಗಿ ಬೇಗ ಡ್ರೈವಿಂಗ್ ಕಲಿಯಲಿ. ಸೈಕಲ್ ಕೊಂಡರೆ ಪಂಕ್ಚರ್ ಆಗದ ಟ್ಯೂಬು ಹಾಕಿಸಲಿ. ಗೋಟ್‌ಹೆಡ್ ಅಂತ ಇಲ್ಲಿ ಎಲ್ಲರೂ ಬೈಯುವ ಮುಳ್ಳು ನಮ್ಮ ಹೊಲದ ಅದೇ ನೆಗ್ಗಿಲು.

ಕಳಿಸಬಹುದಾ ಅಂದಿರಿ. ಧಾರಾಳವಾಗಿ ಕಳಿಸಿ, ಊರು ಚಿಕ್ಕದು, ವಿದ್ಯಾರ್ಥಿಗಳನ್ನು ಜನ ಗುರುತು ಹಿಡಿದು ಮಾತಾಡಿಸುತ್ತಾರೆ. ನೀವು ಚಿಂತೆ ಮಾಡಬೇಕಾದದ್ದು ಮರುಭೂಮಿಯ ಬಗ್ಗೆ ಅಲ್ಲ, ಸ್ಟೈಪೆಂಡಿನ ಬಗ್ಗೆ. ಇಲ್ಲಿನ ಸಂಶೋಧನೆಗೆ ಬರುವ ದುಡ್ಡು ಬಹಳಷ್ಟು ವಾಷಿಂಗ್ಟನ್ನಿನದು. 2025ರಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬಜೆಟ್ಟನ್ನು ಅರ್ಧಕ್ಕಿಂತ ಕೆಳಗಿಳಿಸುವ ಪ್ರಸ್ತಾವ ಬಂದಾಗ ಇಡೀ ಊರಿಗೆ ನಿದ್ದೆ ಬಿಟ್ಟಿತ್ತು. ಹಾಗಾಗಿ ವೀಸಾಕ್ಕೆ ಓಡಾಡುವ ಮೊದಲು ಗೈಡಿಗೆ ಒಂದು ಈಮೇಲ್ ಬರೆಯಲು ಹೇಳಿ: ನನ್ನ ಸಂಬಳ ಯಾವ ಗ್ರಾಂಟಿನಿಂದ, ಅದು ಯಾವ ವರ್ಷದವರೆಗೆ, ಮುಗಿದರೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಗುತ್ತದಾ. ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಲಿ.