ಐವತ್ತು ದಾಟಿದ ಮೇಲೆ ಹೊಸ ಭಾಷೆ

ನಿಮಗೆ 54 ವರ್ಷ, ಮಕ್ಕಳ ಜೊತೆ ಸ್ಪೇನ್‌ಗೆ ಹೋಗಲು ಇನ್ನೂ ಎಂಟು ತಿಂಗಳಿದೆ, ಇವತ್ತು ಕಲಿತ ಸ್ಪ್ಯಾನಿಷ್ ಪದ ನಾಳೆಗೆ ನೆನಪಿರುವುದಿಲ್ಲ, ಇದು ವಯಸ್ಸಿನ ದೋಷವಾ ಅಂತ ಕೇಳಿದ್ದೀರಿ. ವಯಸ್ಸಾದಂತೆ ಸ್ವಲ್ಪ ನಿಧಾನ ಆಗುವುದು ನಿಜ. ಆದರೆ ಮರೆವು ಎಲ್ಲರದೂ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಪ್ರಯೋಗದ ಕಾಲಕ್ಕೆ ಅವನಿಗೆ ಮೂವತ್ತರ ಆಸುಪಾಸು! ಒಂದೇ ದಿನ ಉರು ಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಓದಿದರೆ ಉಳಿಯುತ್ತದೆ ಎಂದೂ ಅವನೇ ಕಂಡುಕೊಂಡ.

ಸ್ಪ್ಯಾನಿಷ್ ಕಲಿಯುವಾಗ ನಾನು ಪದಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಮರುದಿನ, ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ಮಗಳು ಕೇಳುತ್ತಿದ್ದಳು. ತಪ್ಪಿದ್ದು ಮತ್ತೆ ಮೊದಲ ದಿನಕ್ಕೆ. (ಅಪ್ಪನಿಗೆ ಪರೀಕ್ಷೆ ಕೊಡುವ ಖುಷಿ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.)

ಆದರೂ ಎಡವಿದೆ. ಅಲ್ಲಿಗೆ ಹೋದಾಗ ಸ್ಟೇಷನ್‌ನಲ್ಲಿ ಒಬ್ಬನನ್ನು ಯಾವ ಪ್ಲಾಟ್‌ಫಾರ್ಮ್ ಎಂದು ಸೊಗಸಾಗಿ ಕೇಳಿದೆ. ಆತ ‘ಸಿಯೆತೆ’ ಅಂದ. ಏಳು ಅಂತ. ನನ್ನ ಕಿವಿಗೆ ಬಿದ್ದದ್ದು ‘ಸೇಯ್ಸ್’, ಆರು. ಮನೆಮಂದಿಯೆಲ್ಲ ಪೆಟ್ಟಿಗೆ ಎಳೆದುಕೊಂಡು ಆರರಲ್ಲಿ ನಿಂತೆವು. ರೈಲು ಎದುರಿಗೇ ಹೊರಟುಹೋಯಿತು. ನನ್ನವಳು ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಕಷ್ಟ ಆಯಿತು. ಪ್ರಶ್ನೆ ಕಲಿತಿದ್ದೆ, ಉತ್ತರ ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿರಲಿಲ್ಲ. ಹಾಗಾಗಿ ನೀವು ಅಂಕಿ, ಸಮಯ, ಎಡ-ಬಲ ಇಷ್ಟನ್ನು ಮೊದಲು ಕಿವಿಯಿಂದಲೇ ಕಲಿಯಿರಿ. ವ್ಯಾಕರಣ ಆಮೇಲೆ ನೋಡಿದರಾಯಿತು.