ಉಪ್ಪು ಬಿಟ್ಟಿದ್ದಕ್ಕೇ ಅಪ್ಪನಿಗೆ ಸೋಡಿಯಂ ಕಮ್ಮಿಯಾಯಿತಾ?

ಬದಿಯಡ್ಕದಿಂದ ಬರೆದ ಅಕ್ಕನಿಗೆ,

ನಿಮ್ಮ ಪತ್ರ ಓದಿ ಸಂಕಟವಾಯಿತು. ಬಿಪಿ ಇದೆ ಅಂತ ಅಪ್ಪನಿಗೆ ಗಂಜಿಗೂ ಉಪ್ಪು ಹಾಕದೆ ಕೊಟ್ಟಿರಿ, ಉಪ್ಪಿನಕಾಯಿ ನಿಲ್ಲಿಸಿದಿರಿ. ಏಪ್ರಿಲ್ ಸೆಕೆಯಲ್ಲಿ ಒಂದು ದಿನ ಅವರು ತೋಟದಿಂದ ಬಂದ ಸ್ವಂತ ಮಗನನ್ನೇ 'ನೀವು ಯಾರು' ಅಂತ ಕೇಳಿದರು. ಆಸ್ಪತ್ರೆಯಲ್ಲಿ 'ಸೋಡಿಯಂ ಕಮ್ಮಿ' ಅಂದರು, ಅಂದರೆ ಉಪ್ಪಿನಲ್ಲಿರುವ ಅಂಶವೇ ರಕ್ತದಲ್ಲಿ ಕಮ್ಮಿ. ನಾನೇ ಹೀಗೆ ಮಾಡಿಬಿಟ್ಟೆನಾ ಅಂತ ಕೇಳಿದ್ದೀರಿ.

ಆ ಭಾರ ಹೊತ್ತುಕೊಳ್ಳಬೇಡಿ ಅಕ್ಕಾ. ಊಟದಲ್ಲಿ ಉಪ್ಪು ಕಮ್ಮಿಯಾದದ್ದೊಂದರಿಂದಲೇ ಸಾಮಾನ್ಯವಾಗಿ ಇಷ್ಟಾಗುವುದಿಲ್ಲ. ರಕ್ತಪರೀಕ್ಷೆಯಲ್ಲಿ ನೋಡುವುದು ಒಂದು ಲೀಟರಿನಲ್ಲಿ ಸೋಡಿಯಂ ಎಷ್ಟಿದೆ ಅಂತ. 135ರಿಂದ 145 ಮಿಲಿಮೋಲ್ ಇದ್ದರೆ ಸರಿ. ಅಂದರೆ ಮೈಯಲ್ಲಿ ನೀರು ಜಾಸ್ತಿಯಾದರೂ ಲೆಕ್ಕ ಇಳಿಯುತ್ತದೆ. ಬೆವರಿ ಬೆವರಿ ಬರೀ ನೀರನ್ನೇ ಚೆಂಬುಗಟ್ಟಲೆ ಕುಡಿದರೆ, ಜೊತೆಗೆ ಬಿಪಿಗೆ ಕೊಡುವ ಥಯಜೈಡ್ ಥರದ ಮೂತ್ರ ಹೋಗಿಸುವ ಮಾತ್ರೆ ಇದ್ದರೆ, ವಯಸ್ಸಾದವರಲ್ಲಿ ಇದು ಸುಲಭವಾಗಿ ಆಗುತ್ತದೆ, ಯಾಕೆಂದರೆ ಅವರ ಕಿಡ್ನಿಗೆ ಹೆಚ್ಚಿನ ನೀರನ್ನು ಹೊರಗೆ ಹಾಕುವ ಶಕ್ತಿ ಕುಂದಿರುತ್ತದೆ. ಆಗ ನೀರು ಮಿದುಳಿನ ಜೀವಕೋಶಗಳ ಒಳಗೆ ನುಗ್ಗಿ ಅವು ಊದುತ್ತವೆ. ತಲೆಬುರುಡೆಯೊಳಗೆ ಊದಲು ಜಾಗ ಎಲ್ಲಿದೆ? ಮಗನ ಗುರುತು ಸಿಗದೇ ಹೋದದ್ದು ಹಾಗೆ.

ಸೋಡಿಯಂ ನಮ್ಮ ವೈರಿ ಅಂತೂ ಅಲ್ಲ. ಪ್ರತಿ ಜೀವಕೋಶದ ಪೊರೆಯಲ್ಲೂ ಒಂದು ಪಂಪು ಇದೆ. ಅದು 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ಎಳೆಯುತ್ತದೆ, ಹಗಲು ರಾತ್ರಿ. ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೋ 1957ರಲ್ಲಿ ಇದರ ಬಗ್ಗೆ ಬರೆದರು, ನೊಬೆಲ್ ಸಿಕ್ಕಿದ್ದು 1997ರಲ್ಲಿ! ಹೊರಗೆ ಒತ್ತಿ ನಿಂತ ಆ ಸೋಡಿಯಂ, ನರದ ಬಾಗಿಲು ತೆರೆದ ಕೂಡಲೇ ಒಳನುಗ್ಗುತ್ತದೆ. ಬೆರಳು ಆಡುವುದು, ಮಾತು ಹೊರಡುವುದು ಎಲ್ಲ ಅದರಿಂದಲೇ.

ಕರುಳಿನಲ್ಲೂ ಅಷ್ಟೇ. ಗ್ಲೂಕೋಸು ಸೋಡಿಯಂ ಜೊತೆಗೂಡಿ ಒಳಗೆ ಹೋಗುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ಭೇದಿಗೆ ನೀರಲ್ಲಿ ಕರಗಿಸಿ ಕುಡಿಸುವ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸು ಹಾಕುವುದು ಅದಕ್ಕೇ. ಭೇದಿಯಾದಾಗ ಅಜ್ಜಿ ಕೊಡುತ್ತಿದ್ದ ಉಪ್ಪು ಹಾಕಿದ ಗಂಜಿತಿಳಿಯೂ ಇದೇ ದಾರಿ ಹಿಡಿಯುತ್ತದೆ, ಅನ್ನದ ಪಿಷ್ಟ ಒಳಗೆ ಹೋಗಿ ಗ್ಲೂಕೋಸೇ ಆಗುವುದಲ್ವಾ. ಹಟ್ಟಿಯ ದನಕ್ಕೆ ಅಕ್ಕಚ್ಚಿನಲ್ಲಿ ಉಪ್ಪು ಹಾಕುವುದೂ ಸುಮ್ನೆ ಅಲ್ಲ. ಹೆಚ್ಚಿನ ಗಿಡಗಳಿಗೆ ಪೊಟ್ಯಾಸಿಯಂ ಬೇಕು, ಸೋಡಿಯಂ ಇಲ್ಲದೆಯೂ ನಡೆಯುತ್ತದೆ. ಹಾಗಾಗಿ ಬರೀ ಹುಲ್ಲು ತಿಂದ ದನಕ್ಕೆ ಅದು ಸಾಲುವುದಿಲ್ಲ.

ಹಾಗಂತ ಈಗ ಉಪ್ಪು ಸುರಿಯಬೇಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಟೀ ಚಮಚದಷ್ಟು, ಅಷ್ಟೇ. ನಮ್ಮ ಕಡೆಯ ಉಪ್ಪುಸೊಳೆ (ಉಪ್ಪಲ್ಲಿ ಹಾಕಿಟ್ಟ ಹಲಸಿನ ತೊಳೆ), ಹಪ್ಪಳ, ಮಿಡಿ ಉಪ್ಪಿನಕಾಯಿ ಒಟ್ಟಿಗೆ ಊಟಕ್ಕೆ ಬಂದರೆ ಅಷ್ಟನ್ನು ದಾಟುವುದು ಕಷ್ಟವೇ ಅಲ್ಲ, ಸೊಳೆಯನ್ನು ಎಷ್ಟು ನೀರಲ್ಲಿ ನೆನೆಸಿದರೂ ಸ್ವಲ್ಪ ಉಪ್ಪು ಉಳಿದೇ ಇರುತ್ತದೆ.

ಡಾಕ್ಟರ ಹತ್ತಿರ ಮೂರು ಕೇಳಿ: ಬಿಪಿ ಮಾತ್ರೆ ಬದಲಿಸಬೇಕಾ, ದಿನಕ್ಕೆ ಎಷ್ಟು ನೀರು ಕುಡಿಯಬಹುದು, ಸೋಡಿಯಂ ಮತ್ತೆ ಯಾವಾಗ ನೋಡಬೇಕು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮತ್ತೆ ಮಂಕಾದರೆ, ಮಾತು ತಪ್ಪಿದರೆ, ಮನೆಯಲ್ಲಿ ಉಪ್ಪುನೀರು ಕುಡಿಸುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

– ಸಂ.