ಉಳಿದ ಹೊತ್ತು ಯಾರ ಪಾಲಾಯಿತು?

ಪ್ರಿಯ ಓದುಗರೇ,

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದವರಿಗೂ ಗೊತ್ತಾಗಲಿ ಎಂದು ನಿಮ್ಮ ಪತ್ರದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಬರೆದಿದ್ದೀರಿ: "ನಮ್ಮಮ್ಮನ ಕಾಲದಲ್ಲಿ ಮನೆಯಲ್ಲಿ ಒಂದು ಯಂತ್ರವೂ ಇರಲಿಲ್ಲ. ಆದರೂ ಅವರಿಗೆ ನಮ್ಮ ಜೊತೆ ಮಾತಾಡಲು ಪುರುಸೊತ್ತಿತ್ತು. ನನ್ನ ಮನೆಯಲ್ಲಿ ಒಗೆಯೋಕೆ, ಗುಡಿಸೋಕೆ, ಪಾತ್ರೆ ತೊಳೆಯೋಕೆ ಎಲ್ಲಕ್ಕೂ ಯಂತ್ರ ಇದೆ. ಕೈಯಲ್ಲಿ ಫೋನ್ ಇದೆ. ಆದರೆ ಉಸಿರು ಬಿಡಲೂ ಹೊತ್ತಿಲ್ಲ. ಇದು ತಂತ್ರಜ್ಞಾನದ ತಪ್ಪೋ, ನನ್ನ ತಪ್ಪೋ?" ನಿಮ್ಮ ಮಗ ಇದಕ್ಕೆ, "ತಂತ್ರಜ್ಞಾನ ಚಾಕು ಇದ್ದ ಹಾಗೆ ಅಮ್ಮ, ಹೇಗೆ ಬಳಸ್ತೀವಿ ಅನ್ನೋದು ನಮ್ಮ ಕೈಲಿದೆ" ಎಂದನಂತೆ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದೀರಿ. ಒಂದು ಕಾಲಕ್ಕೆ ಎಲ್ಲ ಕೆಲಸ ತಾವೇ ಓಡಾಡಿ ಮಾಡಿಕೊಳ್ಳುತ್ತಿದ್ದ ನಿಮ್ಮ ತಾಯಿ, ಈಗ ಸಣ್ಣಪುಟ್ಟದ್ದಕ್ಕೂ ಫೋನ್ ಹಿಡಿದು ನಿಮ್ಮ ಹತ್ತಿರ ಬರಬೇಕಾಗಿದೆ. ಹಾಗೆ ಬರುವುದು ಅವರಿಗೆ ಸಂಕೋಚ.

ಮೊದಲೇ ಹೇಳಿಬಿಡುತ್ತೇನೆ. ತಪ್ಪು ನಿಮ್ಮದಲ್ಲ. ಯಂತ್ರ ಹೊತ್ತು ಉಳಿಸುವುದೂ ನಿಜವೇ. ಆದರೆ ಉಳಿದ ಹೊತ್ತು ಯಾರಿಗೆ ಸೇರಬೇಕು ಎಂದು ಯಂತ್ರ ತೀರ್ಮಾನ ಮಾಡುವುದಿಲ್ಲ. ಅದನ್ನು ಮಾಡುವವರು ಮನುಷ್ಯರು. ಎಷ್ಟೋ ಸಲ ನಮ್ಮನ್ನು ಒಂದು ಮಾತೂ ಕೇಳದೆ ಮಾಡಿಬಿಟ್ಟಿರುತ್ತಾರೆ.

ಬಟ್ಟೆ ಒಗೆಯುವುದನ್ನೇ ತೆಗೆದುಕೊಳ್ಳೋಣ. ಕೈಯಲ್ಲೇ ಒಗೆಯಬೇಕಿದ್ದಾಗ ಅದು ಒಂದು ಕೆಲಸ ಆಗಿರಲಿಲ್ಲ, ಹತ್ತು ಕೆಲಸ. ನೀರು ಹೊತ್ತು ತರಬೇಕು, ಕಾಯಿಸಬೇಕು. ನೆನೆಸಬೇಕು, ಸೋಪು ಹಚ್ಚಿ ಉಜ್ಜಬೇಕು, ಜಾಲಿಸಬೇಕು, ನೊರೆ ಹೋಗದಿದ್ದರೆ ಇನ್ನೊಮ್ಮೆ ಜಾಲಿಸಬೇಕು. ಆಮೇಲೆ ಹಿಂಡುವುದು. ನೆನೆದ ದಪ್ಪ ಹೊದಿಕೆ ಹಿಂಡಿದವರಿಗೆ ಗೊತ್ತು, ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ತಿರುಚಬೇಕು. ಮಣಿಕಟ್ಟು ನೋಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಸೋಪಿನ ನೀರಿಗೆ ಬೆರಳ ಚರ್ಮ ಸುಲಿಯುತ್ತದೆ. 1937ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿ ತಾನೇ ಒಗೆದು, ಜಾಲಿಸಿ, ಹಿಂಡುವ ಮನೆಬಳಕೆಯ ಯಂತ್ರ ತಂದಿತು. ಆ ಮೈನೋವಿನಿಂದ ಬಿಡುಗಡೆ ಕೊಟ್ಟ ಯಂತ್ರದ ಮೇಲೆ ನನಗೆ ತುಂಬಾ ಗೌರವವಿದೆ.

ಹಾಗಾದರೆ ಮನೆಗೆಲಸದ ಹೊತ್ತು ಕಡಿಮೆ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. 1974ರಲ್ಲಿ ಜೋಆನ್ ವಾನೆಕ್ ಎಂಬ ಸಂಶೋಧಕಿ ಅಮೆರಿಕದ ಹಳೆಯ, ಹೊಸ ಸಮೀಕ್ಷೆಗಳನ್ನು ಹೋಲಿಸಿ ನೋಡಿದರು. ಹೊರಗೆ ದುಡಿಯಲು ಹೋಗದ ಗೃಹಿಣಿಯರು 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದರು. 1960ರ ದಶಕದಲ್ಲಿ ಅದು ಸುಮಾರು 55 ಗಂಟೆ ಆಗಿತ್ತು. ನಡುವೆ ಕರೆಂಟು ಬಂದಿತ್ತು, ನಲ್ಲಿ ಬಂದಿತ್ತು, ಒಗೆಯುವ ಯಂತ್ರವೂ ಬಂದಿತ್ತು. ಬಟ್ಟೆ ಒಗೆಯುವ ಹೊತ್ತಂತೂ ಮೊದಲಿಗಿಂತ ಜಾಸ್ತಿಯೇ ಆಗಿತ್ತು!

ಇದಕ್ಕೆ ಕಾರಣ ನಿಮ್ಮ ಮನೆಯಲ್ಲೂ ಸಿಗುತ್ತದೆ. ಒಗೆಯುವುದು ಕಷ್ಟವಾಗಿದ್ದಾಗ ಬಟ್ಟೆ ಕಡಿಮೆ ಇರುತ್ತಿತ್ತು, ಒಂದೇ ಬಟ್ಟೆಯನ್ನು ಎರಡು ಮೂರು ದಿನ ಹಾಕುತ್ತಿದ್ದರು. ಒಗೆಯುವುದು ಸುಲಭವಾದಾಗ ಬೀರು ತುಂಬಿತು. ಒಂದು ಗಂಟೆ ಮೈಮೇಲಿದ್ದ ಅಂಗಿಯೂ ಒಗೆಯುವ ಬುಟ್ಟಿಗೆ ಬಿತ್ತು. ಯಂತ್ರ ಒಗೆಯುತ್ತದೆ ಸರಿ, ಬಿಡಿಬಿಡಿಯಾಗಿ ಒಣಹಾಕುವವರು, ಮಡಚುವವರು, ಯಾರದು ಯಾವುದು ಎಂದು ಬೇರೆ ಮಾಡಿ ಅವರವರ ಕೋಣೆಗೆ ಇಡುವವರು ಯಾರು? ಮೊದಲು ಹೊದಿಕೆಯ ಇನ್ನೊಂದು ತುದಿ ಹಿಡಿಯುತ್ತಿದ್ದವರೂ ಯಂತ್ರ ಇದೆಯಲ್ಲ ಎಂದು ಎದ್ದು ಹೋದರು. ಇಡೀ ಕೆಲಸ ಒಬ್ಬರ ಮೇಲೆ ಬಿತ್ತು.

1960ರ ನಂತರ ಅಮೆರಿಕದ ಹೆಂಗಸರ ಮನೆಗೆಲಸ ನಿಜವಾಗಿಯೂ ಕಡಿಮೆ ಆಯಿತು. ಆದರೆ ಅದರ ಕಾರಣ ಹೊಸ ಯಂತ್ರವಲ್ಲ. ಹೆಂಗಸರು ಹೊರಗೆ ದುಡಿಯಲು ಹೋದರು, ಮಕ್ಕಳ ಸಂಖ್ಯೆ ಇಳಿಯಿತು, ಗಂಡಸರು ಮೊದಲಿಗಿಂತ ಸ್ವಲ್ಪ ಜಾಸ್ತಿ ಕೈಹಾಕಿದರು. ಅಂದರೆ ಮನೆಯ ಒಳಗಿನ ಒಪ್ಪಂದ ಬದಲಾಯಿತು. ನಿಮ್ಮ ಪತ್ರದಲ್ಲಿ ಯಂತ್ರಗಳ ಪಟ್ಟಿ ಇದೆ, ಕೆಲಸ ಹಂಚಿಕೊಳ್ಳುವವರ ಪಟ್ಟಿ ಇಲ್ಲ. ಮಗನಿಗೆ ಒಂದು ಸಲ ಅದನ್ನು ಓದಿ ಹೇಳಿ.

ನಿಮ್ಮ ತಾಯಿಗೆ ಪುರುಸೊತ್ತಿತ್ತು ಎಂದಿರಿ. ಸ್ವಲ್ಪ ನೆನಪು ಮಾಡಿಕೊಂಡು ನೋಡಿ, ಮಾತಾಡುವಾಗ ಅವರ ಕೈ ಸುಮ್ನೆ ಇರುತ್ತಿತ್ತಾ? ಬಹುಶಃ ಏನಾದರೂ ಹೊಲಿಯುತ್ತಲೋ, ಆರಿಸುತ್ತಲೋ, ಮಡಚುತ್ತಲೋ ಮಾತಾಡುತ್ತಿದ್ದರು. ಅವರ ಕೆಲಸ ಕಡಿಮೆ ಇರಲಿಲ್ಲ. ಆದರೆ ಆ ಕೆಲಸದ ಜೊತೆ ಮಾತೂ ಸಾಗುತ್ತಿತ್ತು, ಕಣ್ಣು ನಿಮ್ಮ ಕಡೆ ಇರುತ್ತಿತ್ತು. ಇವತ್ತಿನ ನಮ್ಮ ಕೆಲಸಗಳು ಕೈಯನ್ನು ಬಿಟ್ಟು ಕಣ್ಣನ್ನೂ ಗಮನವನ್ನೂ ಹಿಡಿದುಕೊಂಡಿವೆ. ಫೋನಿನಲ್ಲಿ ಬಿಲ್ ಕಟ್ಟುತ್ತಾ ಮಗುವಿನ ಕಥೆ ಕೇಳಲು ಆಗುವುದಿಲ್ಲ. ನಿಮಗೆ ಕಾಡುತ್ತಿರುವ ನಷ್ಟ ಇದೇ ಇರಬೇಕು ಎಂದು ನನಗೆ ಅನಿಸುತ್ತದೆ. ಗಡಿಯಾರದಲ್ಲಿ ಅಳೆದರೆ ಇದು ಕಾಣುವುದಿಲ್ಲ.

ಹಾಗಂತ ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿಡುಬು ಒಂದೇ 20ನೇ ಶತಮಾನದಲ್ಲಿ ಸುಮಾರು 30 ಕೋಟಿ ಜನರನ್ನು ಕೊಂದಿತು ಎಂಬ ಅಂದಾಜಿದೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ಹೋಯಿತು ಎಂದು ಸಾರಿತು. ಲಸಿಕೆಯೂ ಮನುಷ್ಯ ಕಂಡುಹಿಡಿದ ತಂತ್ರವೇ. ಹಿಂದಿನ ಕಾಲದ ನೆಮ್ಮದಿಯ ಬಗ್ಗೆ ಮಾತಾಡುವಾಗ, ಆ ನೆಮ್ಮದಿ ಅನುಭವಿಸುವಷ್ಟು ದಿನ ಬದುಕದೆ ಹೋದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮನೆಯ ಹೊರಗೂ ಇದೇ ಕಥೆ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹತ್ತಿ ಗಿರಣಿಗಳಿಗೆ ಗ್ಯಾಸ್ ದೀಪ ಬಂತು. ಕತ್ತಲಲ್ಲಿ ಬೆಳಕು ಸಿಕ್ಕಿತು, ಎಷ್ಟು ಒಳ್ಳೆಯ ಸಂಗತಿ! ಆದರೆ ಅದರ ಜೊತೆಗೇ ಸೂರ್ಯ ಮುಳುಗಿದ ಮೇಲೂ ದುಡಿಸುವ ದಾರಿ ತೆರೆಯಿತು. ಮಕ್ಕಳು ಸೇರಿ ದಿನಕ್ಕೆ 12, 14 ಗಂಟೆ ದುಡಿಯುತ್ತಿದ್ದ ಕಾಲ ಅದು. ಕೈಮಗ್ಗಕ್ಕಿಂತ ಎಷ್ಟೋ ಪಟ್ಟು ಬಟ್ಟೆ ನೇಯುವ ಯಂತ್ರದ ಪಕ್ಕದಲ್ಲೇ ನಿಂತವರಿಗೆ ಒಂದು ಗಂಟೆಯೂ ಉಳಿಯಲಿಲ್ಲ. 1847ರಲ್ಲಿ ಅಲ್ಲಿನ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ 10 ಗಂಟೆ ಎಂಬ ಕಾನೂನು ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಪ್ಪಂದವಾಗಿದ್ದು 1919ರಲ್ಲಿ. ಇದ್ಯಾವುದೂ ಯಂತ್ರ ಕೊಟ್ಟ ಉಡುಗೊರೆಯಲ್ಲ. ಮುಷ್ಕರ ಹೂಡಿದವರು, ಕೆಲಸ ಕಳೆದುಕೊಂಡವರು, ಜೈಲಿಗೆ ಹೋದವರು ಗಳಿಸಿಕೊಟ್ಟ ಹೊತ್ತು.

ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಒಂದು ಅಂದಾಜು ಮಾಡಿದ್ದರು. ಇನ್ನು ನೂರು ವರ್ಷಕ್ಕೆ ತಂತ್ರಜ್ಞಾನ ಎಷ್ಟು ಮುಂದುವರಿದಿರುತ್ತದೆ ಎಂದರೆ, ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಎಂದು. ಸಂಪತ್ತು ಬೆಳೆಯುವ ಬಗ್ಗೆ ಅವರ ಲೆಕ್ಕ ದಾರಿ ತಪ್ಪಲಿಲ್ಲ. ಆದರೆ ಉತ್ಪಾದನೆ ಹೆಚ್ಚಿದರೆ ಬಿಡುವು ತಾನಾಗಿಯೇ ಜನರ ಮಡಿಲಿಗೆ ಬರುತ್ತದೆ ಎಂದು ನಂಬಿದ್ದರು. ಹಾಗೆ ತಾನಾಗಿ ಬರುವುದಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆಫೀಸುಗಳಲ್ಲಿ ನಡೆಯುತ್ತಿರುವುದನ್ನು ನೋಡಿ. ಒಂದು ಗಂಟೆ ಹಿಡಿಯುತ್ತಿದ್ದ ವರದಿ ಹತ್ತು ನಿಮಿಷದಲ್ಲಿ ಆಗುತ್ತದೆ ಅನ್ನೋಣ. ಆಗ ನೌಕರ ಐವತ್ತು ನಿಮಿಷ ಮೊದಲೇ ಮನೆಗೆ ಹೋಗುತ್ತಾನಾ? ಇಲ್ಲ, ಇನ್ನೂ ಐದು ವರದಿ ಮೇಜಿಗೆ ಬರುತ್ತವೆ. ಎಐ ಒಳ್ಳೆಯದೋ ಕೆಟ್ಟದ್ದೋ ಎಂದು ದಿನಾ ಚರ್ಚೆ ನಡೆಯುತ್ತದೆ. ಆ ಐವತ್ತು ನಿಮಿಷ ಯಾರದು ಎಂದು ಕೇಳುವವರು ಕಡಿಮೆ. ಕೇಳಿದರೆ ಫಲ ಸಿಗುವುದೂ ಉಂಟು. ಫ್ರಾನ್ಸ್‌ನಲ್ಲಿ 2017ರಿಂದ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಕೆಲಸದ ಹೊತ್ತಿನ ಆಚೆ ಫೋನು, ಇಮೇಲುಗಳಿಂದ ದೂರ ಇರುವ ಹಕ್ಕಿನ ಬಗ್ಗೆ ನೌಕರರ ಜೊತೆ ಕೂತು ಮಾತಾಡಲೇಬೇಕು ಎಂಬ ನಿಯಮ ಇದೆ.

ಈಗ ನಿಮ್ಮ ಮಗನ ಚಾಕುವಿಗೆ ಬರುತ್ತೇನೆ. ಅವನ ಮಾತು ಅರ್ಧ ಸರಿ. ಆದರೆ ಚಾಕು ಡ್ರಾಯರ್ ಒಳಗಿಂದ ನಮ್ಮನ್ನು ಕೂಗಿ ಕರೆಯುವುದಿಲ್ಲ. ಫೋನ್ ಕರೆಯುತ್ತದೆ. ಒಂದು ಸಣ್ಣ ವಿಷಯ ಹೇಳುತ್ತೇನೆ. ಮೊದಲು ವೆಬ್ ಪುಟಕ್ಕೆ ಒಂದು ಕೊನೆ ಇರುತ್ತಿತ್ತು. ಕೆಳಗೆ ಹೋದರೆ "ಮುಂದಿನ ಪುಟ" ಎಂಬ ಗುಂಡಿ. ಅದನ್ನು ಒತ್ತಬೇಕೋ ಬೇಡವೋ ಎಂದು ಒಂದು ಕ್ಷಣ ಮನಸ್ಸು ಯೋಚಿಸುತ್ತಿತ್ತು. ಸಾಕು ಅನ್ನಿಸಿದರೆ ಎದ್ದು ಹೋಗಲು ಅಷ್ಟು ಜಾಗ ಸಾಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಆ ಗುಂಡಿಯೇ ಬೇಡದ ಹಾಗೆ ಮಾಡಿದರು. ಬೆರಳು ತಳ್ಳಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಓದುವವರಿಗೆ ಸುಲಭವಾಗಲಿ ಎಂಬುದು ಅವರ ಆಸೆ. ಜನರ ಎಷ್ಟು ಹೊತ್ತು ಅದರಲ್ಲಿ ಹೋಗುತ್ತಿದೆ ಎಂದು ಕಂಡಮೇಲೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ರಾತ್ರಿ ಮಲಗುವ ಮುಂಚೆ ಐದು ನಿಮಿಷ ಎಂದು ಫೋನ್ ಹಿಡಿದು ಒಂದು ಗಂಟೆ ಕಳೆಯುವವರೆಲ್ಲ ಮನೋಬಲ ಇಲ್ಲದವರಲ್ಲ. ನಿಲ್ಲಿಸುವ ಜಾಗವನ್ನೇ ತೆಗೆದುಹಾಕಿ, ನಿಲ್ಲಿಸಲಿಲ್ಲ ಎಂದು ಬೈಯುವುದು ನ್ಯಾಯವಲ್ಲ.

ವಿನ್ಯಾಸ ನಮ್ಮ ಪರವಾಗಿಯೂ ಇರಬಹುದು. 1959ರಲ್ಲಿ ವೋಲ್ವೋ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ಇವತ್ತು ಎಲ್ಲ ಕಾರಿನಲ್ಲೂ ಇರುವ ಸೀಟ್ ಬೆಲ್ಟ್ ಮಾಡಿದರು, ಎದೆಗೂ ಸೊಂಟಕ್ಕೂ ಸೇರಿ ಹಾಕುವಂಥದ್ದು. ಅವರು ಅದಕ್ಕೂ ಮುಂಚೆ ವಿಮಾನದ ಪೈಲಟ್‌ಗಳು ಅಪಾಯದಲ್ಲಿ ಹೊರಗೆ ಚಿಮ್ಮುವ ಸೀಟಿನ ಮೇಲೆ ಕೆಲಸ ಮಾಡಿದ್ದವರು. ಪೈಲಟ್ ಎಷ್ಟು ಪಟ್ಟಿ ಬೇಕಾದರೂ ಕಟ್ಟಿಕೊಳ್ಳುತ್ತಾನೆ, ಕಾರಿನವರು ಕಟ್ಟಿಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಒಂದೇ ಕೈಯಲ್ಲಿ ಒಂದೇ ಎಳೆತಕ್ಕೆ ಹಾಕಿಕೊಳ್ಳುವ ಹಾಗೆ ಮಾಡಿದರು. ಕಂಪನಿ ಆ ಪೇಟೆಂಟನ್ನು ಬೇರೆ ಕಾರು ಕಂಪನಿಗಳೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಮನುಷ್ಯನ ಸೋಮಾರಿತನವನ್ನು ಅವನ ಜೀವ ಉಳಿಸಲು ಬಳಸಿದವರು ಇವರು. ಅದೇ ಸೋಮಾರಿತನವನ್ನು ಅವನ ಹೊತ್ತು ಕಸಿಯಲು ಬಳಸುವವರೂ ಇದ್ದಾರೆ. ಈ ಎರಡನ್ನೂ "ತಂತ್ರಜ್ಞಾನ" ಎಂದು ಒಂದೇ ಮೂಟೆಗೆ ಹಾಕಬಾರದು.

ನಿಮ್ಮ ತಾಯಿಯ ವಿಷಯ ನನ್ನ ಮನಸ್ಸಿಗೆ ಜಾಸ್ತಿ ತಟ್ಟಿತು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬ್ಯಾಂಕಿನ ಹಣ ಕೊಡುವ ಯಂತ್ರ ಶುರುವಾಯಿತು. ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೂ ಹಣ ಸಿಗುವಂತಾಯಿತು, ಒಳ್ಳೆಯದೇ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಗುಮಾಸ್ತರ ಎಷ್ಟೋ ಕೆಲಸ ಸದ್ದಿಲ್ಲದೆ ನಮ್ಮ ಕೈಗೆ ಬಂದಿದೆ. ಅರ್ಜಿ ತುಂಬುವವರು ನಾವು, ಟಿಕೆಟ್ ಮಾಡುವವರು ನಾವು, ತಪ್ಪಾದರೆ ತಿದ್ದುವವರೂ ನಾವು. ಬ್ಯಾಂಕು, ಕಂಪನಿಗಳಿಗೆ ಖರ್ಚು ಉಳಿಯಿತು, ನಮ್ಮ ಸಂಜೆ ಹೋಯಿತು. ಕಣ್ಣು ಮಂಜಾದವರಿಗೆ, ಬೆರಳು ನಡುಗುವವರಿಗೆ ಇದು ಬರೀ ಹೊತ್ತಿನ ಪ್ರಶ್ನೆಯಲ್ಲ. ಓಟಿಪಿ ಬಂದು, ಅದನ್ನು ಓದಿ, ಇನ್ನೊಂದು ಪರದೆಗೆ ಹೋಗಿ ಒತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅಷ್ಟು ವರ್ಷ ತಮ್ಮ ಹಣ ತಾವೇ ನೋಡಿಕೊಂಡವರು ಇನ್ನೊಬ್ಬರನ್ನು ಕೇಳಬೇಕು.

ಇದು ಹೊಸದೇನಲ್ಲ. ಗ್ರಹಾಂ ಬೆಲ್ ಕಿವುಡರಿಗೆ ಪಾಠ ಹೇಳುತ್ತಿದ್ದವರು. ಅವರ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಬೆಲ್ 1876ರಲ್ಲಿ ಪೇಟೆಂಟ್ ಪಡೆದ ಟೆಲಿಫೋನ್ ಲೋಕವನ್ನೆಲ್ಲ ಹತ್ತಿರ ತಂದಿತು, ಕಿವುಡರನ್ನು ಮಾತ್ರ ಹೊರಗಿಟ್ಟಿತು. ಸುಮಾರು 90 ವರ್ಷ ಹಾಗೇ ಕಳೆಯಿತು. 1964ರಲ್ಲಿ ಸ್ವತಃ ಕಿವಿ ಕೇಳದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್, ಹಳೆಯ ಟೆಲಿಪ್ರಿಂಟರ್‌ಗಳನ್ನು ಮಾಮೂಲಿ ಫೋನ್ ಲೈನಿಗೆ ಜೋಡಿಸುವ ಉಪಾಯ ಕಂಡುಕೊಂಡರು. ಈ ತುದಿಯಲ್ಲಿ ಟೈಪ್ ಮಾಡಿದ್ದು ಆ ತುದಿಯಲ್ಲಿ ಅಚ್ಚಾಗುತ್ತಿತ್ತು. ತೊಂದರೆ ಯಾರಿಗೆ ಗೊತ್ತೋ ಅವರು ಕೆಲಸಕ್ಕೆ ಕೈಹಾಕಿದಾಗ ದಾರಿ ಸಿಕ್ಕಿತು. ಆ್ಯಪ್ ಮಾಡುವವರು ನಿಮ್ಮ ತಾಯಿಯಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಿ ಮಾಡಿದರೆ ಅದು ಎಲ್ಲರಿಗೂ ಸುಲಭವಾಗುತ್ತದೆ. ಅಲ್ಲಿಯವರೆಗೆ ಮನುಷ್ಯರು ಕೂರುವ ಒಂದು ಕೌಂಟರ್ ಎಲ್ಲ ಕಡೆ ಇರಲೇಬೇಕು. ಇದನ್ನು ದಯೆ ಎಂದು ಕೇಳಬೇಕಿಲ್ಲ, ಹಕ್ಕು ಎಂದು ಕೇಳಬೇಕು.

ಸದ್ಯಕ್ಕೆ ತಾಯಿಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿ, ಪರದೆ ಓದಿ ಹೇಳುವ ಸೌಲಭ್ಯ ಹಾಕಿಕೊಡಿ. ಅವರು ಕೇಳಿದಾಗ ಫೋನ್ ಕಿತ್ತುಕೊಂಡು ನೀವೇ ಮಾಡಬೇಡಿ, ಪಕ್ಕದಲ್ಲಿ ಕೂತು ಅವರ ಬೆರಳಿನಿಂದಲೇ ಮಾಡಿಸಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ನಿಮ್ಮ ಫೋನಿನಲ್ಲಿ ಮನುಷ್ಯರು ಕಳಿಸಿದ ಮೆಸೇಜಿಗೆ ಮಾತ್ರ ಸದ್ದು ಇಟ್ಟು ಉಳಿದ ನೋಟಿಫಿಕೇಶನ್ ಎಲ್ಲ ಮುಚ್ಚಿಬಿಡಿ. ಒಗೆದ ಬಟ್ಟೆ ಮಡಚುವುದು ಈ ವಾರದಿಂದ ಮಗನ ಕೆಲಸವಾಗಲಿ.

ಬೇರೆ ಓದುಗರೂ ಬರೆಯಿರಿ. ನಿಮ್ಮ ಮನೆಗೆ ಬಂದ ಯಾವ ಯಂತ್ರ ನಿಜವಾಗಿಯೂ ನಿಮಗೆ ಬಿಡುವು ಕೊಟ್ಟಿತು, ಯಾವುದು ಕೊಡಲಿಲ್ಲ, ಉಳಿದ ಹೊತ್ತು ಎಲ್ಲಿ ಹೋಯಿತು? ಕೈಬರಹದ ಪತ್ರವಾದರೂ ಸರಿ, ಇಮೇಲ್ ಆದರೂ ಸರಿ. ಮುಂದಿನ ಸಂಚಿಕೆಗಳಲ್ಲಿ ಆದಷ್ಟು ಪ್ರಕಟಿಸುತ್ತೇವೆ.

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

— ಸಂಪಾದಕ